ಮೀನಿನ ತೊಟ್ಟಿಯಲ್ಲಿ ನನ್ನ ಬೇಸಾಯ

ಕೆಲಮಂಗಲದ ಕಡೆ ಹುಟ್ಟಿ, ಮೀಸೆ ಮೂಡುವ ಮೊದಲೇ ರಾಗಿ ಪೈರು ನಾಟಿ ಮಾಡಿದ ನನಗೆ, ಒಂದು ಗಾಜಿನ ತೊಟ್ಟಿಯಲ್ಲಿ ನಾಲ್ಕು ಗಿಡ ನೆಡುವುದು ಯಾವ ಲೆಕ್ಕ? ಹೀಗೆಂದುಕೊಂಡೇ ನಾನು ಕೆಟ್ಟೆ.

ತೊಟ್ಟಿ ನನ್ನ ಹೆಂಡತಿ ಸುಶೀಲಳದು. ಒಳಗಿದ್ದದ್ದು ಒಂದೇ ಮೀನು, ಕಿತ್ತಳೆ ಬಣ್ಣದ್ದು, ಹೆಸರು ಚಿನ್ನಿ. ಕೋಲಾರದ ಆಚೆಯ ಹಳ್ಳಿಯಿಂದ ಬಂದ ಸುಶೀಲಳಿಗೆ ಹೊಸೂರಿನಲ್ಲಿ ನೆಂಟರಿಲ್ಲ. ನಾನು ಶಿಫ್ಟಿಗೆ ಹೋದರೆ ಅವಳಿಗೆ ಚಿನ್ನಿಯೇ ಜೊತೆ. ಅವಳ ಬಳೆ ಸದ್ದಾದರೆ ಸಾಕು, ಎಲ್ಲಿದ್ದರೂ ಗಾಜಿನ ಹತ್ತಿರ ಬಂದು ನಿಲ್ಲುತ್ತಿತ್ತು. ನಾನು ಕರೆದರೆ ಬಾಲ ತೋರಿಸುತ್ತಿತ್ತು.

ಚಿನ್ನಿಗೆ ಒಂದಿಷ್ಟು ಹಸಿರಿದ್ದರೆ ಚೆನ್ನ ಎಂದಳು. ಸಾಕುಮೀನಿನ ಅಂಗಡಿಯವನು ನೀರುಗಿಡದ ಕಟ್ಟುಗಳನ್ನು ಕೊಡುತ್ತಾ, "ಗ್ಯಾಪ್ ವಿಟ್ಟು ನಡುಂಗ ಸಾರ್, ನಲ್ಲಾ ವಳರುಂ," ಎಂದ. ಜಾಗ ಬಿಟ್ಟು ನೆಡಬೇಕಂತೆ, ಚೆನ್ನಾಗಿ ಬೆಳೆಯುತ್ತದಂತೆ. ಒಕ್ಕಲು ಮಗನಿಗೇ ಪಾಠ! ಪೈರು ತೆಳುವಾದರೆ ಕಳೆ ಏಳುತ್ತದೆ ಎಂಬುದು ನಮ್ಮಪ್ಪನ ಕಾಲದ ಮಾತು. ಕಟ್ಟುಗಳನ್ನೆಲ್ಲ ಬಿಚ್ಚಿ, ಸಾಲು ಹಿಡಿದು, ಒತ್ತೊತ್ತಾಗಿ ನೆಟ್ಟೆ. ಒಂದು ಗಿಡವೂ ದಂಡವಾಗಬಾರದಲ್ಲ.

ಅಷ್ಟಕ್ಕೇ ನಿಂತಿದ್ದರೆ ಉಳಿದುಕೊಳ್ಳುತ್ತಿದ್ದೆನೋ ಏನೋ. ಊರಿಂದ ಒಣಗಿದ ಕುರಿ ಹಿಕ್ಕೆ ತಂದು ತೊಟ್ಟಿಯ ಮರಳಿನಡಿ ತುರುಕಿದೆ. ಸುಶೀಲ ಬೇಡವೆಂದಳು. ಗೊಬ್ಬರವಿಲ್ಲದ ಬೇಸಾಯ ಬೇಸಾಯವೇ ಅಲ್ಲವೆಂದು ಭಾಷಣ ಮಾಡಿದೆ. ನೀರು ಟೀ ಬಣ್ಣಕ್ಕೆ ತಿರುಗಿತು. ಅದು ಸತ್ವ ಎಂದೆ!

ಗಿಡಗಳು ಬೆಳೆದವು. ಬೆಳೆದವು ಎಂದರೆ, ತಲೆ ನೀರಿನ ಮೇಲಕ್ಕೆ ಬಂದು, ಅಲ್ಲೂ ಜಾಗ ಸಾಲದೆ ಅಡ್ಡಡ್ಡ ಮಲಗಿ ಚಾಪೆಯಂತೆ ಹೆಣೆದುಕೊಂಡವು. ಬೆಳಕು ಕಾಣದ ಕೆಳಗಿನ ಎಲೆಗಳು ಕೊಳೆಯತೊಡಗಿದವು. ನಾನು ಮಾತ್ರ ಮೇಲಿನ ಹಸಿರು ನೋಡಿ ಬೀಗುತ್ತಿದ್ದೆ. ಪಕ್ಕದ ಮನೆಯ ಮುನಿರತ್ನಮ್ಮನವರನ್ನು ಕರೆದು ತೋರಿಸಿದೆ. ಅವರು ಬಹಳ ಹೊತ್ತು ನೋಡಿ, "ಒಳ್ಳೆ ಎಳೇದಾಗೈತೆ. ಮಸ್ಸೊಪ್ಪಿಗೆ ಆಯ್ತದಾ?" ಎಂದು ಕೇಳಿದರು. ಒಳಗೊಂದು ಮೀನಿದೆಯೆಂದು ನಾನೇ ಹೇಳಬೇಕಾಯಿತು.

ಮರುದಿನ ಬೆಳಿಗ್ಗೆ ಚಿನ್ನಿ ಗಿಡಗಳ ಸಂದಿಯಲ್ಲಿ ಮೂತಿ ಮೇಲೆತ್ತಿಕೊಂಡಿತ್ತು.

"ರೀ, ಬಾಯ್ ಬಾಯ್ ಬಿಡ್ತಾ ಐತೆ. ಉಸ್ರು ಸಾಲ್ತಾ ಇಲ್ಲ ಅದುಕ್ಕೆ. ಗಿಡ ಕಿತ್ತಾಕಿ," ಎಂದಳು ಸುಶೀಲ.

ನಿಂತ ಫಸಲು ಕೀಳುವುದೇ? ಅದಕ್ಕೆ ಹಸಿವು ಎಂದು ತೀರ್ಪು ಕೊಟ್ಟು, ಒಂದು ಹಿಡಿ ಮೀನಿನ ತಿಂಡಿ ಸುರಿದು ಫ್ಯಾಕ್ಟರಿಗೆ ಹೋದೆ.

ಸಂಜೆ ಬಂದಾಗ ಅವಳು ತೊಟ್ಟಿಯ ಮುಂದೆ ನಿಂತು ಬಳೆ ಆಡಿಸುತ್ತಲೇ ಇದ್ದಳು. ಚಿನ್ನಿ ಬರಲಿಲ್ಲ. ನಾನು ನೀರಿಗೆ ತೋಳು ಇಳಿಸಿ ಗಿಡಗಳನ್ನು ಕಿತ್ತು ಕಿತ್ತು ಹುಡುಕಿದೆ. ಬುಡದ ಹತ್ತಿರ ಸಿಕ್ಕಿತು. ಅಲುಗಾಡುತ್ತಿರಲಿಲ್ಲ.

"ಎಲ್ಲಾ ಗಿಡಕ್ಕೂ ಜಾಗ ಮಾಡ್ದ್ರಿ. ಅದು ತಿರುಗಾಡಾಕೆ ಒಂದಿಷ್ಟ್ ಬಿಟ್ಟಿದ್ರೆ ಆಗ್ತಿತ್ತು," ಎಂದಳಷ್ಟೇ. ಬೈದಿದ್ದರೆ ವಾಸಿಯಿತ್ತು.

ಕಿತ್ತ ಗಿಡಗಳನ್ನೆಲ್ಲ ಹಿತ್ತಲಿನ ಕರಿಬೇವಿನ ಬುಡಕ್ಕೆ ಹಾಕಿದೆ. ಅದು ಸೊಂಪಾಗಿ ಚಿಗುರಿದೆ. ನನ್ನ ಬೇಸಾಯದಲ್ಲಿ ಉದ್ಧಾರವಾದದ್ದು ಅದೊಂದೇ. ಆದರೂ ಸುಶೀಲ ಒಗ್ಗರಣೆಗೆ ಕರಿಬೇವನ್ನು ಸಂತೆಯಿಂದ ತರುತ್ತಾಳೆ.

ಈಗಲೂ ಅವಳ ಬಳೆ ಸದ್ದಾದರೆ ಸಾಕು, ಎದ್ದು ಹೋಗಿ ಅವಳ ಮುಂದೆ ನಿಲ್ಲುತ್ತೇನೆ. ತಪ್ಪಾಯಿತು ಎನ್ನಲು ಬಾಯಿ ತೆರೆಯುತ್ತೇನೆ, ಮುಚ್ಚುತ್ತೇನೆ, ಮತ್ತೆ ತೆರೆಯುತ್ತೇನೆ.

"ಹಸ್ವಾ?" ಎಂದು ಕೇಳಿ, ತಟ್ಟೆಗೆ ಇನ್ನೊಂದು ಮುದ್ದೆ ಹಾಕುತ್ತಾಳೆ.