ನೆಲ ಕಂಡಾಗ ಕೂಗಿದ ಹುಂಜ

ನಡುಸಮುದ್ರದಲ್ಲಿ ಹುಂಜ ಕೂಗುವುದನ್ನು ಕೇಳಿದ್ದೀರಾ? ಎಂಜಿನ್ನಿನ ಗುಡುಗುಡು, ಅಲೆಯ ಮೊರೆತ, ನಡುವೆ ನಮ್ಮೂರ ಕಡೆಯ ಪೆನ್ನಾಗರದ ಹಿತ್ತಿಲೇ ತೇಲಿಬಂದಂತೆ 'ಕೊಕ್ಕೊಕ್ಕೋ'! ಈಗಲೂ ಸೇಲಂನ ನಮ್ಮ ಬೀದಿಯಲ್ಲಿ ಹುಂಜ ಕೂಗಿದರೆ ನನಗೆ ಸೀ-ಸಿಕ್‌ನೆಸ್ ಬರುತ್ತದೆ.

ಐವತ್ತರ ದಶಕ. ಯಜಮಾನರಿಗೆ ಮಲಯಾದ ರಬ್ಬರ್ ಎಸ್ಟೇಟಿನಲ್ಲಿ ಕೆಲಸ. ಚೊಚ್ಚಲ ಹೆರಿಗೆಗೆ ನಾನು ಊರಿಗೆ ಹೊರಟೆ. ಜೊತೆಗೆ ಅವರ ಸೋದರತ್ತೆ, ಪೆನ್ನಾಗರದ ಮಾದತ್ತೆ. ಹಡಗು ಹತ್ತುವ ಮುಂಚೆಯೇ ಅತ್ತೆ ಹರಕೆ ಹೊತ್ತಾಗಿತ್ತು: ನಾವು ಸುಖವಾಗಿ ನೆಲ ಮುಟ್ಟಿದರೆ, ಎಸ್ಟೇಟಿನಲ್ಲಿ ಸಾಕಿದ ಕೆಂಪು ಹುಂಜ ಊರ ಮಾರಮ್ಮನಿಗೆ. ಹಾಗೆ ಅದೂ ಬುಟ್ಟಿಯಲ್ಲಿ ಕೂತು ಡೆಕ್ಕಿಗೆ ಬಂತು. ನನಗೆ ಏನು ತಿಂದರೂ ವಾಂತಿ. ನನ್ನ ಬಿಸ್ಕತ್ತೆಲ್ಲ ಅದಕ್ಕೇ. 'ಕ್ಯಾಪ್ಟನ್' ಎಂದು ಹೆಸರನ್ನೂ ಇಟ್ಟೆ.

"ಏನವ್ವಾ ಕಾನ್ವೆಂಟು, ಅಮ್ಮಂಗೆ ಕೊಡೋದ್ನ ಚೆನ್ನಾಗಿ ಕೊಬ್ಬಿಸ್ತಾ ಇದ್ದೀಯಾ. ಆಕು ಆಕು!" ಎಂದು ಅತ್ತೆ, ಕಾನ್ವೆಂಟಿನಲ್ಲಿ ಓದಿದ ನನ್ನನ್ನು ಕಂಡು ನಕ್ಕರು. ನನಗೆ ಅಳು.

ಒಂದು ಬೆಳಗ್ಗೆ ನೀರಿನ ಬಣ್ಣ ಕದಡಿತು, ಹಕ್ಕಿಗಳು ಕಂಡವು. "ಕರೆ ಬಂತು, ದಡ ಬಂತು!" ಎಂದು ಜನವೆಲ್ಲ ಕಂಬಿಗೆ ಮುಗಿಬಿದ್ದರು. ಕ್ಯಾಪ್ಟನ್ ಕತ್ತು ಚಾಚಿ ಕೂಗಿದ. ಪೆದ್ದ! ಅವನ ಸಾವಿಗೆ ಅವನದೇ ಸ್ವಾಗತ. ಅಷ್ಟು ಜನರಲ್ಲಿ, 'ಡಿಯರ್ ಗಾಡ್, ಸ್ವಲ್ಪ ನಿಧಾನ' ಎಂದು ಬೇಡಿದವಳು ನಾನೊಬ್ಬಳೇ.

ಪೆನ್ನಾಗರದ ಗುಡಿಯಲ್ಲಿ ಅತ್ತೆ ಮನೆಯಿಂದ ತಾವೇ ತಂದ ಚೊಂಬಿನ ಅರಿಸಿನ ನೀರನ್ನು ಹುಂಜದ ಮೇಲೆ ಹೊಯ್ದರು. ಅದು ಮೈ ಒದರಿದರೆ ಅಮ್ಮ ಒಪ್ಪಿದಳೆಂದು ಅರ್ಥ. ಒದರದಿದ್ದರೆ ಕತ್ತಿ ಎತ್ತುವಂತಿಲ್ಲ. ಕ್ಯಾಪ್ಟನ್ ಕಣ್ಣು ಮುಚ್ಚಿ ಆರಾಮಾಗಿ ನಿಂತ. ಮತ್ತೆ ಹೊಯ್ದರು. ಊಹೂಂ.

"ಅಮ್ಮಂಗೆ ಬ್ಯಾಡ್ವಂತೆ, ವಿಡು ಸಾಮಿ. ಪೊಂಗಲ್ ಇಕ್ತೀನಿ," ಎಂದು ಅತ್ತೆ ಪೂಜಾರಿಗೆ ಹೇಳಿ, ಹುಂಜವನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆದರು. ಅದು ಅವರ ಹಿತ್ತಿಲಲ್ಲೇ ಮುದಿಯಾಯಿತು.

ಡೆಕ್ಕಿನಲ್ಲಿ ಸಮುದ್ರದ ನೀರು ಸಿಡಿದು ಸಿಡಿದು ಅದಕ್ಕೆ ಹ್ಯಾಬಿಟ್ ಆಗಿತ್ತು, ಸಿಂಪಲ್ ಸೈನ್ಸ್ ಎಂದು ನಾನು ವರ್ಷಗಟ್ಟಲೆ ಕಂಡವರಿಗೆಲ್ಲ ಪಾಠ ಹೇಳಿದೆ. ಕೊನೆಗೆ ಅತ್ತೆಗೂ ಹೇಳಿದೆ. ಆಗ ಅವರಿಗೆ ಕಣ್ಣು ಮಂಜಾಗಿತ್ತು. ಆದರೂ ನನ್ನನ್ನು ಬಸ್ಸು ಹತ್ತಿಸಲು ಬಂದಿದ್ದರು.

"ಸೈನ್ಸೂ ಇಲ್ಲ, ಮಣ್ಣೂ ಇಲ್ಲ! ಚೊಂಬ್ನಾಗೆ ಬಿಸ್ನೀರು ಬೆರ್ಸಿದ್ದೆ ಕಣವ್ವ. ಬೆಚ್ಚಗಿದ್ರೆ ಕೋಳಿ ಯಾಕೆ ಮೈ ಒದರ್ತದೆ? ಬಸ್ರಿ ಎಂಗ್ಸು, ನಿನ್ ಮಕ ನೋಡಕ್ಕಾಯ್ತಿರ್ಲಿಲ್ಲ."

"ಮಾರಮ್ಮ ಕೋಪಿಸಿಕೊಂಡಿದ್ದರೆ ಅತ್ತೆ?"

"ಅವ್ಳೂ ತಾಯಲ್ವಾ? ಓಗು, ಬಸ್ಸು ಒಂಟೋಯ್ತದೆ."

ಬಸ್ಸು ಹೊರಟಿತು. ಅತ್ತೆ ಪಕ್ಕದ ಲಾರಿಯತ್ತ ಕೈ ಬೀಸುತ್ತಾ ನಿಂತಿದ್ದರು. ನಾನು ಕಿಟಕಿಯಿಂದ ಬಗ್ಗಿ, ಕಾನ್ವೆಂಟು ಕಲಿಸಿದ ಗಂಟಲಲ್ಲಿ "ಥ್ಯಾಂಕ್ಯೂ ಅತ್ತೇ!" ಎಂದು ಕೂಗಿದೆ. ಲಾರಿಯ ಡ್ರೈವರ್ ತಿರುಗಿ ನೋಡಿ ಸಲಾಮು ಹೊಡೆದ. ಅತ್ತೆ ಅವನಿಗೇ ಕೈ ಬೀಸುತ್ತಿದ್ದರು. ಅವರನ್ನು ನಾನು ಕಂಡದ್ದು ಅದೇ ಕೊನೆ.