ಹೆಂಡತಿಯ ಅಳತೆಯ ಗೌನು

ದರ್ಜಿ ಗುಂಗಣ್ಣನಿಗೆ ಆ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ಹೊಲಿಗೆ ಯಂತ್ರ ತುಳಿಯುತ್ತಲೇ ಎಲ್ಲೋ ತೇಲಿಹೋಗುವ ಆಸಾಮಿ ಅವನು. ಹೆಂಡತಿಗೆ ಐದು ತಿಂಗಳಾದ ಮೇಲಂತೂ ಕೇಳಲೇಬೇಡಿ. ದಾರ ಮುಗಿದು ಬರೀ ಸೂಜಿ ಕುಣಿಯುತ್ತಿದ್ದರೂ ಇವನು ಅಂಬೆಗಾಲಿಡುವ ಮಗುವಿನ ಹಿಂದೆ ಮೋಡದ ಮೇಲೆ ಓಡಾಡುತ್ತಿರುತ್ತಿದ್ದ.

ಅದೇ ಗುಂಗಿನಲ್ಲಿ ತನ್ನ ಕಾಯಂ ಗಿರಾಕಿಯಾದ ಗಾಯಕಿಯೊಬ್ಬಳ ರೇಷ್ಮೆ ಗೌನಿಗೆ ಕತ್ತರಿ ಹಾಕಿದ್ದ. ಆಕೆ ಸದಾ ಊರೂರು ಸುತ್ತುವವಳು, ಅಳತೆ ಕೊಡಲು ಕೈಗೆ ಸಿಗುವುದಿಲ್ಲ. ಮೈಕಟ್ಟು ಥೇಟ್ ಇವನ ಹೆಂಡತಿಯದೇ. ಹೆಂಡತಿಗೆ ಟೇಪು ಹಿಡಿದು ಆಕೆಗೆ ಹೊಲಿಯುವುದು ಮೊದಲಿಂದಲೂ ನಡೆದುಬಂದದ್ದು. "ಈ ಗೌನು ಒಪ್ಪಿದ್ರೆ ನಮ್ಮ ತಂಡದ ಬಟ್ಟೆಯೆಲ್ಲ ನಿಮಗೇ" ಅಂದಿದ್ದಳು ಬೇರೆ. ಮೆಟ್ಟಿಲ ಕೆಳಗಿನ ಗೂಡು ಬಿಟ್ಟು ದೊಡ್ಡ ಬೀದಿಯಲ್ಲಿ ಅಂಗಡಿ ಇಡಬೇಕೆಂಬ ಗುಂಗಣ್ಣನ ಆಸೆಯೆಲ್ಲ ಈಗ ಆ ಗೌನಿನಲ್ಲಿತ್ತು. ಗೌನು ಹೊಲಿದು ಮುಗಿದ ದಿನವೇ ಸಂಜೆ ಆಕೆಯ ಕಾರ್ಯಕ್ರಮ.

ಆ ಬೆಳಿಗ್ಗೆ ಹೆಂಡತಿ ಗೌನು ಹಾಕಿ ನಿಂತಳು. ಅಚ್ಚು ಹೊಯ್ದ ಹಾಗೆ ಕೂತಿತ್ತು. ಮಹಡಿಯಿಂದ ಇಳಿದು ಬಂದ ನರ್ಸಮ್ಮ ಕಣ್ಣರಳಿಸಿದಳು.

"ಪರವಾಗಿಲ್ವೇ ಗುಂಗಣ್ಣ! ಬಸುರಿ ಹೆಂಡ್ತಿಗೆ ಎಷ್ಟು ಚೆನ್ನಾಗಿ ಹೊಲಿದಿದ್ದೀಯ!"

"ಇವಳಿಗಲ್ಲ, ಗಾಯಕಿಗೆ."

"ಮತ್ತೆ ಅಳತೆ?"

"ಇವಳದ್ದೇ. ಯಾವಾಗ್ಲೂ ಇವಳದ್ದೇ ಅಲ್ವಾ?"

ನರ್ಸಮ್ಮ ಹಣೆ ಚಚ್ಚಿಕೊಂಡಳು. "ನಿನ್ನ ತಲೆ! ಹೊಟ್ಟೆ ಒಂದೇ ಬೆಳೆಯೋದು ಅಂದ್ಕೊಂಡ್ಯಾ? ಪಕ್ಕೆಲುಬು ಅಗಲ ಆಗುತ್ತೆ, ಮೈಯಲ್ಲಿ ರಕ್ತ ಹೆಚ್ಚುತ್ತೆ, ಕೀಲು ಸಡಿಲ ಆಗುತ್ತೆ, ಕಾಲಿಗೆ ಹಳೇ ಚಪ್ಪಲಿ ಹಿಡಿಸಲ್ಲ. ಗೋಡೆ ಸರಿಸಿ ಒಳಗೊಂದು ಹೊಸ ಕೋಣೆ ಕಟ್ತಾ ಇದ್ದಾರೆ ಅಂತ ತಿಳ್ಕೋ!"

ಗುಂಗಣ್ಣನಿಗೆ ಆ ಕೋಣೆ ಕಂಡೇಬಿಟ್ಟಿತು. ಗೋಡೆಗಳು ಸದ್ದಿಲ್ಲದೆ ಸರಿಯುತ್ತಿದ್ದವು. ನಸುಗೆಂಪು ಬೆಳಕಿನಲ್ಲಿ ಯಾರೋ ಪುಟ್ಟವರು ಮುದುಡಿಕೊಂಡು ನಿದ್ದೆ ಹೋಗಿದ್ದರು.

"ಕಿಟಕಿ ಇರುತ್ತಾ?" ಅಂತ ಮೆಲ್ಲಗೆ ಕೇಳಿದ.

"ರೀ! ಗೌನು!" ಹೆಂಡತಿ ಕಿರುಚಿದಳು.

ಆಮೇಲೆ ಶುರುವಾಯಿತು ರಾಮಾಯಣ. ಗುಂಗಣ್ಣ ಹೆಂಡತಿಯ ಹೋದ ವರ್ಷದ ಅಳತೆ ಹುಡುಕಿ, ಗೌನು ಚಿಕ್ಕದು ಮಾಡಲು ಹೊಲಿಗೆ ಬಿಚ್ಚಿದ. ಎಡಗಡೆಯನ್ನೇ ಎರಡು ಸಲ ಹಿಡಿದು ಹೊಲಿದ, ಗೌನು ಸೊಟ್ಟಗಾಯಿತು. ಮತ್ತೆ ಬಿಚ್ಚಿದ. ಬೆರಳಿಗೆ ಸೂಜಿ ಚುಚ್ಚಿಕೊಂಡ. ಪಕ್ಕದ ಇಸ್ತ್ರಿಯವನು ಕರೆಯದೆಯೇ ಬಂದು, "ಮಿಕ್ಕ ಬಟ್ಟೆ ಒಳಗೆ ಬಿಟ್ರೆ ಗಂಟು ಗಂಟಾಗಿ ಕಾಣುತ್ತೆ, ಕತ್ತರಿಸಿ ಎಸೀರಿ" ಅಂದ.

"ಸ್ವಲ್ಪ ಇರ್ಲಿ ರೀ, ಬೇಕಾಗ್ಬಹುದು" ಅಂದಳು ಹೆಂಡತಿ.

ಹೆಂಡತಿಯ ಮಾತು ಕೇಳಿದ್ದರೆ ಕತೆಯೇ ಇರುತ್ತಿರಲಿಲ್ಲ. ಗುಂಗಣ್ಣ ಕಚಕಚನೆ ಕತ್ತರಿಸಿಬಿಟ್ಟ.

ಸಂಜೆ ಗಾಯಕಿ ಬಂದಳು. ಗೌನು ನೋಡಿ ಹಿಗ್ಗಿದಳು, ಪರದೆಯ ಹಿಂದೆ ಹೋದಳು. ಸ್ವಲ್ಪ ಹೊತ್ತು ಬಟ್ಟೆ ಎಳೆದಾಡುವ ಸದ್ದು. ಕೊನೆಗೆ ಒಂದು ಬಿಕ್ಕು.

"ಎದೆಯಿಂದ ಕೆಳಗೇ ಇಳೀತಿಲ್ಲ!"

"ನಿಮ್ಮ ಹಳೇ ಅಳತೆಗೇ ಮಾಡಿದೀನಲ್ಲಮ್ಮಾ!"

"ಹಳೇದು ಯಾಕ್ರೀ? ಯಾರಿಗೂ ಹೇಳ್ಬೇಡಿ, ನನಗೂ ಈಗ ಐದು ತಿಂಗಳು. ನೀವು ಹೇಗಿದ್ರೂ ಹೆಂಡ್ತಿ ಅಳತೆಗೇ ಹೊಲೀತೀರಿ, ಅವರೂ ಬಸುರಿ ಅಂತ ಕೇಳಿದ್ದೆ. ಅದಕ್ಕೇ ನಿಶ್ಚಿಂತೆಯಾಗಿದ್ದೆ!"

ಗುಂಗಣ್ಣ ಸ್ಟೂಲಿನ ಮೇಲೆ ಕುಸಿದ. ಇಸ್ತ್ರಿಯವನು ಯಾವಾಗ ಜಾಗ ಖಾಲಿ ಮಾಡಿದನೋ ಯಾರೂ ನೋಡಲಿಲ್ಲ.

ಹೆಂಡತಿಯೇ ಮನೆಯೊಳಗೆ ಹೋಗಿ ತನ್ನ ನೀಲಿ ನಿಲುವಂಗಿ ತಂದು ಕೊಟ್ಟಳು. ಗಾಯಕಿ ಅದನ್ನು ತೊಟ್ಟು ಹೊರಗೆ ಬಂದಾಗ ಮುಖವೇ ಬೇರೆಯಾಗಿತ್ತು. ತೋಳು ಚಾಚಿದಳು, ಆಳವಾಗಿ ಉಸಿರೆಳೆದು ಒಂದು ಸಾಲು ಹಾಡಿಯೇಬಿಟ್ಟಳು. ಆ ಗೂಡಿನಲ್ಲಿ ಒಂದು ಗಳಿಗೆ ಎಲ್ಲರೂ ಮೈಮರೆತರು.

"ಎಷ್ಟು ಹಿತವಾಗಿದೆ! ಬಸುರಿ ಮೈನ ಇಷ್ಟು ಅರ್ಥ ಮಾಡ್ಕೊಂಡವರು ಬೇರೆ ಯಾರಿದ್ದಾರೆ? ಇದನ್ನ ಹೊಲಿದವರಿಗೇ ನಮ್ಮ ತಂಡದ ಬಟ್ಟೆಯೆಲ್ಲ!"

ಗುಂಗಣ್ಣ ಮೆಲ್ಲಗೆ ನೆಲ ಬಿಟ್ಟ. ದೊಡ್ಡ ಬೀದಿ, ಗಾಜಿನ ಬಾಗಿಲು, ಬಾಗಿಲಲ್ಲಿ ಪುಟ್ಟ ಮಗು...

"ಅದು ರೆಡಿಮೇಡ್ ಕಣಮ್ಮಾ" ಅಂದಳು ಹೆಂಡತಿ. "ದೊಡ್ಡ ಬೀದಿ ಅಂಗಡೀಲಿ ತಗೊಂಡೆ. ನನಗೆ ಹೊಲಿದುಕೊಡೋಕೆ ಇವರಿಗೆ ಪುರುಸೊತ್ತೆಲ್ಲಿತ್ತು?"