ಸಾವ್ಕಾರ್ರ ವಾಕಿಂಗು

ನಮ್ಮ ದೊಡ್ಡಪ್ಪ ಮನುಷ್ಯರನ್ನೆಲ್ಲ ಏಕವಚನದಲ್ಲಿ, ನಾಯಿಗಳನ್ನೆಲ್ಲ ಬಹುವಚನದಲ್ಲಿ ಮಾತಾಡಿಸುವ ಆಸಾಮಿ! ನಂಬುವುದಿಲ್ಲವೇ? ಹೈದರಾಬಾದಿಗೆ ಬನ್ನಿ. ಎದುರು ಬಂದ ಡಾಕ್ಟರರನ್ನು "ಏ, ನೀ ಸರಿ ಅತ್ಲಾಗ" ಎಂದು ಬದಿಗೆ ಸರಿಸಿ, ಅವರ ಲ್ಯಾಬ್ರಡಾರಿಗೆ "ಆರಾಮದೀರೇನ್ರಿ?" ಎಂದು ಕೈಮುಗಿಯುವುದನ್ನು ಕಣ್ಣಾರೆ ನೋಡಬಹುದು.

ಅವರ ಸ್ವಂತ ನಾಯಿಯ ಹೆಸರು ಸಾವ್ಕಾರ. ಕಾಚಿಗೂಡ ಸ್ಟೇಷನ್ನಿನಲ್ಲಿ ದೊಡ್ಡವ್ವನ ಬುತ್ತಿಯ ವಾಸನೆ ಹಿಡಿದು ಮನೆತನಕ ಬಂದು, ಮನೆಯವನೇ ಆಗಿಬಿಟ್ಟ ಬೀದಿ ನಾಯಿ. ದೊಡ್ಡವ್ವ, ಅಂದರೆ ನಮ್ಮವ್ವನ ಅಕ್ಕ, ಹೋದ ವರ್ಷ ತೀರಿಕೊಂಡಳು. ಅಂದಿನಿಂದ ಅದು ಬಾಗಿಲ ಬಳಿ ಮಲಗಿದ್ದು ಏಳಲೊಲ್ಲದು. "ಸಾವ್ಕಾರ್ರ ಮನಸು ನೆಟ್ಟಗಿಲ್ಲವಾ, ಹವಾ ಬದಲಾಗಬೇಕು" ಎಂದು ದೊಡ್ಡಪ್ಪ ಆಟೋ ಮಾಡಿ ಡಾಗ್ ಪಾರ್ಕಿಗೆ ಕರೆದೊಯ್ಯತೊಡಗಿದರು. ರವಿವಾರ ಅವರಿಬ್ಬರ ಹಿಂದೆ ನಾನು.

ಪಾರ್ಕಿರುವುದು ನವಾಬರ ಕಾಲದ ಬಂಗಲೆಗಳ ಓಣಿಯಲ್ಲಿ. ಈಗ ಆ ಬಂಗಲೆಗಳಲ್ಲಿ ಚಿತ್ರಶಾಲೆಗಳು. ಕಂಪೌಂಡು ಗೋಡೆಗಳ ತುಂಬ ಬಣ್ಣವೋ ಬಣ್ಣ. ಮೊದಲ ದಿನ ಗೇಟಿನ ಕಾವಲುಗಾರ ರಿಜಿಸ್ಟರ್ ತೆರೆದು, "ಕೌನ್ಸಾ ಬ್ರೀಡ್ ಹೈ, ಚಾಚಾ?" ಎಂದ. ದೊಡ್ಡಪ್ಪ ಎದೆಯುಬ್ಬಿಸಿ, ನಮ್ಮೂರ ಹೆಸರನ್ನೇ ಹಚ್ಚಿ, "ಅಸ್ಲಿ ಗುಲ್ಬರ್ಗಾ!" ಎಂದರು. ಪುಣ್ಯಾತ್ಮ ಹಾಗೆಯೇ ಬರೆದುಕೊಂಡ. ಮುಂದಿನ ವಾರ ಪೂಡಲ್ ಹಿಡಿದ ಹೆಂಗಸೊಬ್ಬರು ಬಂದು, ಗುಲ್ಬರ್ಗಾ ತಳಿಯ ಮರಿ ಎಲ್ಲಿ ಸಿಗುತ್ತದೆಂದು ನನ್ನನ್ನು ಗುಟ್ಟಾಗಿ ಕೇಳಿದರು!

ಇನ್ನೊಂದು ದಿನ, ಹುಡುಗಿಯೊಬ್ಬಳು ಆಗಷ್ಟೇ ಗೋಡೆಯ ಮೇಲೆ ಬಿಡಿಸಿ ಮುಗಿಸಿದ್ದ ನವಿಲಿಗೆ ಸಾವ್ಕಾರ ಕಾಲೆತ್ತಿಬಿಟ್ಟ. ನಾನು ನಾಚಿ ನೀರಾದೆ. ದೊಡ್ಡಪ್ಪ ಮಾತ್ರ, "ಸಿಟ್ಟಾಗಬ್ಯಾಡವಾ. ಚಿತ್ರಾ ಭಾಳ ಚಂದ ಆಗೇತಂತ ಸಾವ್ಕಾರ್ರು ಸಹಿ ಹಾಕ್ಯಾರ!" ಎಂದರು. ಕನ್ನಡ ಬಾರದ ಆ ಹುಡುಗಿಗೆ ಇದನ್ನು ಹಿಂದಿಯಲ್ಲಿ ಹೇಳುವ ಭಾಗ್ಯವೂ ನನ್ನದೇ. ಸದ್ಯ, ಅವಳು ನಕ್ಕಳು.

ಮೊನ್ನೆ ರವಿವಾರ ನಗುವಂತಿರಲಿಲ್ಲ. ಓಣಿಯಲ್ಲಿ ಹೊರಟಿದ್ದ ಮದುವೆ ಮೆರವಣಿಗೆಯವರು ಪಟಾಕಿಯ ಸರ ಹಚ್ಚಿದರು. ಬೆದರಿದ ಸಾವ್ಕಾರ ಹಗ್ಗ ಕಿತ್ತುಕೊಂಡು ಗೇಟು ದಾಟಿ ಓಡಿದ. ಆಚೆಗೆ ಬಸ್ಸುಗಳು ನುಗ್ಗುವ ದೊಡ್ಡ ರಸ್ತೆ!

"ಸಾವ್ಕಾರ್ರ, ನಿಂದರ್ರಿ! ನಿಮ್ಮ ಕಾಲಿಗೆ ಬೀಳ್ತೀನಿ, ಬರ್ರಿ!"

ದೊಡ್ಡಪ್ಪನ ಚಪ್ಪಲಿ ಒಂದು ಕಡೆ, ಅವರೊಂದು ಕಡೆ. ಕೂಗಿ ಕೂಗಿ ದನಿ ಬಿದ್ದುಹೋಯಿತು. ನಾಯಿ ತಿರುಗಿಯೂ ನೋಡಲಿಲ್ಲ. ನನಗೇನು ತೋಚಿತೋ, ಗಂಟಲು ಹರಿಯುವಂತೆ ಕೂಗಿದೆ: "ಏ ಸಾವ್ಕಾರಾ, ರೊಟ್ಟಿ ಆರಾಕತ್ತಾವು, ಬಾರೋ ಯಪ್ಪಾ!"

ರಸ್ತೆಯ ಅಂಚಿನಲ್ಲಿ ನಾಯಿ ಗಕ್ಕನೆ ನಿಂತಿತು. ಕಿವಿ ನಿಮಿರಿಸಿತು. ಓಡಿಬಂದು ನನ್ನ ಸೆರಗು ಮೂಸಿತು, ಮುಖ ನೋಡಿತು, ಮತ್ತೆ ಮೂಸಿತು. ದೊಡ್ಡವ್ವ ಅದನ್ನು ಊಟಕ್ಕೆ ಕರೆಯುತ್ತಿದ್ದುದು ಹೀಗೆಯೇ. ನನ್ನ ದನಿ ಥೇಟ್ ಅವಳದೇ ಎಂದು ಮನೆಮಂದಿ ಅನ್ನುತ್ತಿದ್ದರು, ನಾನೇ ನಂಬಿರಲಿಲ್ಲ.

ದೊಡ್ಡಪ್ಪ ಏದುಸಿರು ಬಿಡುತ್ತ ಬಂದು ಕಟ್ಟೆಯ ಮೇಲೆ ಕುಳಿತರು. ಬಹಳ ಹೊತ್ತು ನಾಯಿಯ ಬೆನ್ನು ಸವರಿದರು. ಆಮೇಲೆ ನನ್ನತ್ತ ನೋಡದೆ, "ಇನ್ನೊಮ್ಮಿ ಕರಿಯವಾ" ಎಂದರು.

"ಇಲ್ಲೇ ಅದಾನಲ್ರಿ ದೊಡ್ಡಪ್ಪ, ಇನ್ಯಾಕ ಕರೀಲಿ?"

"ಅವ್ರನ್ನಲ್ಲವಾ," ಎಂದರು. "ನನ್ನ ಕರಿ."